ಮಕ್ಕಳ ಕಥೆಗಳು ನಡೆದು ಬಂದ ದಾರಿ

ಕಳೆದ ಮಳೆಗಾಲದ ಒಂದು ರಾತ್ರಿ. ಮುಂಬಯಿಯ ಮಳೆ ಹಿಡಿದ ಹಟ ಬಿಡದೆ ಸುರಿಯುತ್ತಿತ್ತು. ವಿದ್ಯುತ್ತು ಹೋಗಿ ಎರಡು ಗಂಟೆಯಾಗಿತ್ತು. ಮೊಬೈಲಿನ ಜೀವವೂ ಹೋದ ಮೇಲೆ ಒಂಬತ್ತು ವರ್ಷದ ಮೊಮ್ಮಗಳಿಗೆ ಉಳಿದ ಗತಿ ಅಜ್ಜನೊಬ್ಬನೇ. ಸಿಕ್ಕಿದ ಅವಕಾಶವನ್ನು ಬಿಡಬಾರದೆಂದು ನಾನು ಕೋಟಿ ಚೆನ್ನಯರ ಕಥೆಯನ್ನು ಹೇಳತೊಡಗಿದೆ. ಪಡುಮಲೆಯ ದೇಯಿ ಬೈದೆತಿಯಿಂದ ಹಿಡಿದು ಎಣ್ಮೂರಿನ ಕಾಳಗದವರೆಗೆ, ನನ್ನ ತಾಯಿ ನನಗೆ ಹೇಳಿದಂತೆ, ಮರೆತ ಕಡೆಯಲ್ಲೆಲ್ಲ ನನ್ನದನ್ನೂ ಒಂದಿಷ್ಟು ಸೇರಿಸಿ, ಹೇಳಿ ಮುಗಿಸಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜಾ, ಇದೆಲ್ಲ ನಿಜವಾಗಿ ನಡೆದದ್ದಾ, ಅಲ್ಲ ನೀವು ಕಟ್ಟಿ ಹೇಳಿದ್ದಾ?”

ನಾನು ತಡವರಿಸಿದೆ. ಆಕೆ ಬಿಡಲಿಲ್ಲ. “ಅವರು ಪಡುಮಲೆ ಬಿಟ್ಟು ಪಂಜಕ್ಕೆ ಹೋದದ್ದು ಪುಸ್ತಕದಲ್ಲಿ ಉಂಟಲ್ಲ. ನಾವು ಊರು ಬಿಟ್ಟು ಮುಂಬಯಿಗೆ ಬಂದದ್ದು ಯಾವ ಪುಸ್ತಕದಲ್ಲಿ ಉಂಟು?”

ಈ ಎರಡು ಪ್ರಶ್ನೆಗಳಿಗೆ ಆ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ. ದೀಪ ಬಂತು, ಹುಡುಗಿ ನಿದ್ದೆ ಹೋದಳು, ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಚರಿತ್ರೆಯನ್ನೂ ಜನಪದ ಕಥೆಯನ್ನೂ ಮಕ್ಕಳಿಗೆ ಹೇಳುವ ಕೆಲಸವನ್ನು ನಮ್ಮ ಹಿರಿಯರು ಹೇಗೆ ಮಾಡಿಕೊಂಡು ಬಂದರು ಎಂಬುದನ್ನು ಅಂದಿನಿಂದ ಯೋಚಿಸುತ್ತ ಬಂದಿದ್ದೇನೆ. ಯೋಚಿಸಿದಂತೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಮಕ್ಕಳ ಕಥೆಗಳಲ್ಲಿ ಬಹುಪಾಲು ಮನೆಯಲ್ಲಿ ಕುಳಿತು ಹುಟ್ಟಿದವಲ್ಲ, ದಾರಿ ನಡೆದು ಬಂದವು. ಅವನ್ನು ಬರೆದು, ಚಿತ್ರಿಸಿ, ಅಚ್ಚು ಹಾಕಿದವರಲ್ಲಿ ಅನೇಕರು ನಮ್ಮ ಹಾಗೆಯೇ ಹುಟ್ಟೂರು ಬಿಟ್ಟವರು. ಪರಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದರಲ್ಲಿ ಧೈರ್ಯವೂ ಇದೆ, ಒಂದು ಹೊಣೆಯೂ ಇದೆ. ಈ ರಾಜ್ಯೋತ್ಸವದ ಸಂದರ್ಭದಲ್ಲಿ ಆ ದಾರಿಯನ್ನು ಸ್ವಲ್ಪ ಹಿಂತಿರುಗಿ ನೋಡೋಣ.

ಎಲ್ಲಕ್ಕಿಂತ ಹಳೆಯದಾದ ಪಂಚತಂತ್ರದಿಂದಲೇ ಮೊದಲುಮಾಡಬಹುದು. ಓದು ಹತ್ತದ ರಾಜಕುಮಾರರಿಗೆ ಲೋಕನೀತಿಯನ್ನು ಕಲಿಸುವುದಕ್ಕಾಗಿ ಹೇಳಿದ ಕಥೆಗಳು ಇವೆಂಬುದು ಎಲ್ಲರೂ ಬಲ್ಲ ಸಂಗತಿ. ಕನ್ನಡದಲ್ಲಿ ಇವನ್ನು ಬರೆದವನು ದುರ್ಗಸಿಂಹ. ಕಿಸುಕಾಡು ನಾಡಿನ ಸಯ್ಯಡಿಯವನು. ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅವನ ಕಾಲ ಕ್ರಿ. ಶ. ೧೦೩೧ರ ಸುಮಾರು. ಯುದ್ಧ, ಸಂಧಾನ, ರಾಜಕಾರಣಗಳ ನಡುವೆ ಮುಳುಗಿದ್ದ ಒಬ್ಬ ಅಧಿಕಾರಿ ನರಿ, ಎತ್ತು, ಕೋತಿ, ಮೊಸಳೆಗಳ ಕಥೆ ಬರೆಯಲು ಕುಳಿತನೆಂಬುದೇ ಒಂದು ಸೊಗಸು. ಗುಣಾಢ್ಯನ ಬೃಹತ್ಕಥೆಯಿಂದ ವಸುಭಾಗಭಟ್ಟನು ಆರಿಸಿದ ಕಥೆಗಳಿವು ಎಂದು ಅವನು ಹೇಳುತ್ತಾನೆ. ಗುಣಾಢ್ಯನ ಗ್ರಂಥ ಪೈಶಾಚೀ ಭಾಷೆಯಲ್ಲಿತ್ತೆಂದೂ, ಅವನು ಪ್ರತಿಷ್ಠಾನದ, ಎಂದರೆ ಇಂದು ಮಹಾರಾಷ್ಟ್ರದಲ್ಲಿರುವ ಪೈಠಣದ, ಸಾತವಾಹನ ಅರಸನ ಬಳಿ ಇದ್ದನೆಂದೂ ಪ್ರತೀತಿ. ಹೀಗೆ ನಮ್ಮ ಭಾಷೆಯ ಮೊದಲ ಕಥಾಗ್ರಂಥಗಳಲ್ಲಿ ಒಂದು ಗೋದಾವರಿಯ ದಡದ ನೆನಪನ್ನು ಹೊತ್ತುಕೊಂಡೇ ತುಂಗಭದ್ರೆಯ ನಾಡಿಗೆ ಬಂದದ್ದು.

ಇದೇ ಕಥೆಗಳು ಪಶ್ಚಿಮಕ್ಕೂ ನಡೆದವು. ಆರನೆಯ ಶತಮಾನದಲ್ಲಿ ಪಾರಸಿಕ ದೊರೆ ಖುಸ್ರೋ ಅನುಶಿರ್ವಾನನ ಕಾಲದಲ್ಲಿ ಬುರ್ಜೋಯ್ ಎಂಬ ವೈದ್ಯನು ಅವನ್ನು ಪಹ್ಲವಿ ಭಾಷೆಗೆ ತಿರುಗಿಸಿದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫಾ ಎಂಬವನು ಅರಬ್ಬಿಗೆ ತಂದನು. ಅಲ್ಲಿಂದ ಹೀಬ್ರೂ, ಲ್ಯಾಟಿನ್ ಎಂದು ಮುಂದೆ ಮುಂದೆ ಸಾಗಿ ಯೂರೋಪಿನ ಮಕ್ಕಳ ಕಿವಿಗೆ ಬಿದ್ದವು. ಅರಬ್ಬಿಯಲ್ಲಿ ಆ ಪುಸ್ತಕದ ಹೆಸರು ‘ಕಲೀಲ ವ ದಿಮ್ನ’. ಅವರು ಯಾರೆಂದು ಬಲ್ಲಿರಾ? ನಮ್ಮ ಕರಟಕ-ದಮನಕ ನರಿಗಳೇ. ಪರದೇಶದ ನಾಲಗೆಗೆ ಹೊಂದಿಕೊಂಡು ಹೆಸರು ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ಈ ಊರಿನ ರೇಶನ್ ಕಾರ್ಡಿನಲ್ಲಿ ನಮ್ಮ ಮನೆತನದ ಹೆಸರುಗಳು ಏನೇನಾಗಿವೆ ಎಂಬುದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ!

ಈ ಹಳೆಯ ಕಥೆಗಳು ಶತಮಾನಗಳ ಕಾಲ ಪಂಡಿತರ ಓಲೆಗರಿಯಲ್ಲಿಯೂ ಅಜ್ಜಿಯರ ಬಾಯಿಯಲ್ಲಿಯೂ ಉಳಿದುಕೊಂಡಿದ್ದವು. ಮಗುವೇ ಕೈಯಲ್ಲಿ ಹಿಡಿದು ಓದಿಕೊಳ್ಳುವ ಪುಸ್ತಕ ಬರಲು ಅಚ್ಚಿನ ಮನೆ ಬೇಕಾಯಿತು, ಶಾಲೆ ಬೇಕಾಯಿತು. ಹೊಸಗನ್ನಡದಲ್ಲಿ ಮಕ್ಕಳಿಗಾಗಿ ಬರೆಯುವುದನ್ನು ಒಂದು ವ್ರತದಂತೆ ಕೈಕೊಂಡ ಮೊದಲಿಗರಲ್ಲಿ ಪಂಜೆ ಮಂಗೇಶರಾಯರು (೧೮೭೪-೧೯೩೭) ಅಗ್ರಗಣ್ಯರು. ಬಂಟವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಶಾಲೆಗಳ ತನಿಖೆಗೆಂದು ಊರೂರು ತಿರುಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಆಗ ಮಂಗಳೂರು ಮದರಾಸು ಪ್ರಾಂತದಲ್ಲಿತ್ತು. ಕೊಡಗು ಬೇರೆಯೇ ಆಡಳಿತದಲ್ಲಿತ್ತು. ೧೯೩೪ರಲ್ಲಿ ಪಂಜೆಯವರು ಅಧ್ಯಕ್ಷರಾದ ಸಾಹಿತ್ಯ ಸಮ್ಮೇಲನ ನಡೆದ ರಾಯಚೂರು ನಿಜಾಮರ ಸಂಸ್ಥಾನದಲ್ಲಿತ್ತು. ಒಂದು ಕರ್ನಾಟಕವೆಂಬುದು ಇನ್ನೂ ಕನಸಾಗಿದ್ದಾಗ ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಹೇನು ಸತ್ತು ಕಾಗೆ ಬಡವಾಯಿತು’, ‘ಒಡ್ಡನ ಓಟ’ ಮೊದಲಾದ ಕಥೆಗಳು ಗಡಿಗಳನ್ನು ಲೆಕ್ಕಿಸದೆ ಕನ್ನಡ ಮಕ್ಕಳ ಬಾಯಲ್ಲಿ ಓಡಾಡಿದವು.

ಪಂಜೆಯವರ ‘ಕೋಟಿ ಚೆನ್ನಯ’ ನಮ್ಮ ವಿಷಯಕ್ಕೆ ಮುಖ್ಯವಾದುದು. ತುಳುವಿನ ಪಾಡ್ದನದಲ್ಲಿದ್ದ, ನೇಜಿ ನೆಡುವ ಹೆಂಗಸರ ಹಾಡಿನಲ್ಲಿಯೂ ಗರೋಡಿಗಳ ಆರಾಧನೆಯಲ್ಲಿಯೂ ಜೀವಂತವಾಗಿದ್ದ ಅವಳಿ ವೀರರ ಕಥೆಯನ್ನು ಅವರು ಎಳೆಯರೂ ಓದಬಲ್ಲ ಕನ್ನಡ ಗದ್ಯಕ್ಕೆ ತಂದರು. ಗದ್ದೆಯ ವಿಷಯದಲ್ಲಿ ಬಲ್ಲಾಳನ ಮಂತ್ರಿಯೊಡನೆ ಹುಟ್ಟಿದ ವೈರ, ಸಾಕಿದ ಒಡೆಯನಿಂದಲೇ ಸಿಗದ ನ್ಯಾಯ, ಹುಟ್ಟಿದ ನೆಲವನ್ನು ಬಿಟ್ಟು ಹೊರಟ ಇಬ್ಬರು ತರುಣರು: ಕಥೆಯ ತಿರುಳು ಇಷ್ಟೇ. ಪಡುಮಲೆ, ಪಂಜ, ಎಣ್ಮೂರು ಇಂದಿಗೂ ದಕ್ಷಿಣ ಕನ್ನಡದ ನಕ್ಷೆಯಲ್ಲಿರುವ ಊರುಗಳು. ಮನೆಮಾತು ತುಳುವಲ್ಲದ ಪಂಜೆಯವರು ಪಕ್ಕದ ಮನೆಯ ಪಾಡ್ದನವನ್ನು ಎಲ್ಲರ ಮನೆಯ ಕಥೆಯನ್ನಾಗಿ ಮಾಡಿದರು. ಘಟ್ಟದ ಮೇಲಿನ ಹುಡುಗನೊಬ್ಬ ತುಳುನಾಡನ್ನು ನೋಡದೆಯೇ ದೇಯಿಯ ಮಕ್ಕಳಿಗಾಗಿ ಕಣ್ಣೀರು ಹಾಕುವುದು ಇದರಿಂದ ಸಾಧ್ಯವಾಯಿತು.

ಪಂಜೆಯವರ ನಂತರ ಮಲೆನಾಡಿನಿಂದ ಬಂದ ಇನ್ನೊಂದು ಕಥೆಯ ದಾರಿ ಇನ್ನೂ ದೂರದ್ದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಮ್ಮಲ್ಲಿ ಕೇಳದವರು ಯಾರು? ಅದರ ಮೂಲ ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನ ಐತಿಹ್ಯ. ಇಂಗ್ಲಿಷ್ ಕವಿ ಬ್ರೌನಿಂಗನ ಕವಿತೆಯ ಮೂಲಕ ಅದು ಇಲ್ಲಿಗೆ ಬಂದು, ತುಂಗೆಯ ದಡದಲ್ಲಿ ನೆಲಸಿ, ಗೌಡರ ಊರಿನ ಕಥೆಯಾಯಿತು. ಹ್ಯಾಮೆಲಿನ್ನಿನ ಹಳೆಯ ಬರಹಗಳು ೧೨೮೪ರಲ್ಲಿ ಆ ಊರಿನ ೧೩೦ ಮಕ್ಕಳು ಹೊರಟುಹೋದರೆಂದು ಹೇಳುತ್ತವೆ. ಇಲಿಗಳ ಮಾತು ಕಥೆಗೆ ಸೇರಿದ್ದು ಬಹು ಕಾಲದ ಮೇಲೆ. ಹಾಗಾದರೆ ಆ ಮಕ್ಕಳು ಹೋದದ್ದೆಲ್ಲಿಗೆ? ಆ ಕಾಲದಲ್ಲಿ ಜರ್ಮನಿಯ ತರುಣರನ್ನು ಪೂರ್ವ ದೇಶಗಳ ಹೊಸ ನೆಲಕ್ಕೆ ಒಕ್ಕಲು ಕರೆದೊಯ್ಯುತ್ತಿದ್ದರು. ಊರು ಬಿಟ್ಟು ಹೋದ ಆ ಎಳೆಯರ ನೆನಪೇ ಜೋಗಿಯ ಕಥೆಯಾಗಿರಬಹುದೆಂದು ಹಲವು ವಿದ್ವಾಂಸರ ಊಹೆ. ಹೊಟ್ಟೆಪಾಡಿಗಾಗಿ ಹೋದ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅದನ್ನು ಮಾಟವೆಂದೇ ಕರೆದಿರಬೇಕು. ನಮ್ಮೂರಿನ ತಾಯಂದಿರಿಗೆ ಮುಂಬಯಿಯೂ ಒಂದು ಕಾಲಕ್ಕೆ ಕಿಂದರಿಜೋಗಿಯ ಗುಡ್ಡವೇ ಆಗಿತ್ತಲ್ಲವೇ?

ಇನ್ನು ನಮ್ಮ ಚರಿತ್ರೆಯ ಮಾತು. ಕದಂಬ, ಚಾಲುಕ್ಯ, ವಿಜಯನಗರಗಳ ಹೆಸರನ್ನು ಕನ್ನಡಿಗರ ಮನೆಯ ಮಾತನ್ನಾಗಿ ಮಾಡಲು ದುಡಿದ ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮರಾಠಿಗರು ತಮ್ಮ ಇತಿಹಾಸವನ್ನು ಕಥೆ-ಕಾದಂಬರಿಗಳಾಗಿ ಮನೆಮನೆಗೆ ಮುಟ್ಟಿಸುತ್ತಿದ್ದ ಕಾಲವದು. ವೆಂಕಟರಾಯರು ೧೯೦೫ರಲ್ಲಿ ಹಂಪೆಯನ್ನು ಕಂಡರು. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ಅದೇ ಕಾಲದಲ್ಲಿ ಗಳಗನಾಥರು ಪುಣೆಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತು ತಾವೇ ‘ಮಾಧವ ಕರುಣಾವಿಲಾಸ’ವನ್ನು ಬರೆದರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಇವು ಮಕ್ಕಳಿಗೆಂದೇ ಬರೆದ ಪುಸ್ತಕಗಳಲ್ಲ, ನಿಜ. ಆದರೆ ಮಕ್ಕಳಿಗೆ ಹೇಳಲು ತಂದೆತಾಯಿಗಳಿಗೆ ಕಥೆ ಸಿಕ್ಕಿದ್ದು ಇವುಗಳಿಂದ. ಪುಣೆಯಲ್ಲಿರುವ ನಮ್ಮ ಬಂಧುಗಳು ಇದನ್ನು ಅಭಿಮಾನದಿಂದ ನೆನೆಯಬಹುದು.

ಮದರಾಸಿನ ಋಣ ಇದಕ್ಕಿಂತ ಕಡಿಮೆಯದಲ್ಲ. ನನ್ನ ವಯಸ್ಸಿನವರ ಬಾಲ್ಯವೆಂದರೆ ‘ಚಂದಮಾಮ’. ಬಿ. ನಾಗಿರೆಡ್ಡಿ, ಚಕ್ರಪಾಣಿ ಇವರಿಬ್ಬರೂ ೧೯೪೭ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಪ್ರಾರಂಭಿಸಿದ ಆ ಮಾಸಪತ್ರಿಕೆ ೧೯೪೯ರಲ್ಲಿ ಕನ್ನಡದಲ್ಲಿಯೂ ಹೊರಟಿತು. ಕೊಡವಟಿಗಂಟಿ ಕುಟುಂಬರಾಯರ ತೆಲುಗು ಬರಹ ಒಂದೊಂದು ಭಾಷೆಗೂ ತಿರುಗಿ ಹೋಗುತ್ತಿತ್ತು. ಅದರ ಮಹಾಭಾರತದ ವರ್ಣಚಿತ್ರಗಳನ್ನು ಬರೆದು ಕೀರ್ತಿ ಪಡೆದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು. ಭೀಷ್ಮ, ದ್ರೋಣ, ಕರ್ಣ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಇಂದಿಗೂ ಅವರ ಕುಂಚದ ರೂಪಗಳೇ. ಹಟ ಬಿಡದ ತ್ರಿವಿಕ್ರಮನ ಹೆಗಲ ಮೇಲಿನ ಬೇತಾಳವಂತೂ ನಮ್ಮ ಮನೆಯ ಒಬ್ಬನಂತಾಗಿದ್ದ. ಬೇತಾಳನ ಹಳೆಯ ಇಪ್ಪತ್ತೈದು ಕಥೆಗಳು ಸೋಮದೇವನ ಕಥಾಸರಿತ್ಸಾಗರದಲ್ಲಿ ಬರುತ್ತವೆ. ಆ ಸಾಗರದ ಮೂಲ ಅದೇ ಗುಣಾಢ್ಯನ ಬೃಹತ್ಕಥೆ. ದುರ್ಗಸಿಂಹನು ಕುಡಿದ ಕೆರೆಯ ನೀರನ್ನೇ ಒಂಬತ್ತು ನೂರು ವರ್ಷಗಳ ಮೇಲೆ ಮದರಾಸಿನವರು ನಮಗೆ ಕುಡಿಸಿದರು. ಇಪ್ಪತ್ತೈದು ಮುಗಿದ ಮೇಲೂ ಬೇತಾಳ ಹೊಸ ಹೊಸ ಕಥೆಗಳನ್ನು ಹೇಳುತ್ತಲೇ ಇದ್ದ. ಹಳೆಯ ಚೌಕಟ್ಟಿನೊಳಗೆ ಹೊಸ ಚಿತ್ರ. ೨೦೧೩ರ ಸುಮಾರಿಗೆ ಪತ್ರಿಕೆ ನಿಂತುಹೋಯಿತು. ಅಟ್ಟದ ಮೇಲಿನ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕಿದವರು ಇಂದು ಕೈ ಹಿಸುಕಿಕೊಳ್ಳುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಇನ್ನು ನಮ್ಮ ಮುಂಬಯಿ. ಕಾರ್ಕಳದಲ್ಲಿ ೧೯೨೯ರಲ್ಲಿ ಒಂದು ಗಂಡು ಮಗು ಹುಟ್ಟಿತು. ಎರಡು ವರ್ಷ ತುಂಬುವಷ್ಟರಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿತು. ಹನ್ನೆರಡನೆಯ ವಯಸ್ಸಿನಲ್ಲಿ ಆ ಹುಡುಗ ಮುಂಬಯಿಗೆ ಬಂದು ಮಾಹೀಮಿನ ಶಾಲೆ ಸೇರಿದನು. ಮುಂದೆ ರಸಾಯನ ತಂತ್ರಶಾಸ್ತ್ರ ಓದಿದನು. ಆದರೆ ಅವನ ಮನಸ್ಸು ಪ್ರಯೋಗಶಾಲೆಯಲ್ಲಿ ನಿಲ್ಲಲಿಲ್ಲ. ೧೯೫೪ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿ ಕೈ ಸುಟ್ಟುಕೊಂಡನು. ಈ ಅನಾಥ ಬಾಲಕನೇ ಮುಂದೆ ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಎನಿಸಿದ ದಿವಂಗತ ಅನಂತ ಪೈಯವರು. ೧೯೬೭ರಲ್ಲಿ ಅವರು ದಿಲ್ಲಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡಿದರಂತೆ. ಗ್ರೀಕ್ ದೇವತೆಗಳನ್ನು ಕುರಿತ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರು ಕೇಳಿದಾಗ ಮೂಕರಾದರು. ಅಂದಿನ ಕಳವಳವೇ ಅಮರ ಚಿತ್ರಕಥೆಗೆ ಬೀಜವಾಯಿತೆಂದು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ.

ಅಮರ ಚಿತ್ರಕಥೆಯ ಹುಟ್ಟಿನಲ್ಲಿ ಕನ್ನಡದ ಪಾಲೂ ಇದೆ. ಪೈಯವರ ಮೊದಲ ಪುಸ್ತಕವಾದ, ರಾಮ್ ವಾಯೀರಕರರು ಚಿತ್ರ ಬರೆದ ‘ಕೃಷ್ಣ’ಕ್ಕೆ ಕೊಟ್ಟ ಸಂಖ್ಯೆ ಒಂದಲ್ಲ, ಹನ್ನೊಂದು. ಏಕೆಂದರೆ ಅದೇ ಹೆಸರಿನಲ್ಲಿ ಹತ್ತು ಪುಸ್ತಕಗಳು ಅದಕ್ಕೆ ಮೊದಲೇ ಕನ್ನಡದಲ್ಲಿ ಬಂದಿದ್ದವು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಆ ಕನ್ನಡ ಪುಸ್ತಕಗಳು ೧೯೬೫ರಲ್ಲಿಯೇ ಹೊರಟವೆಂದು ಹೇಳಿದ್ದಾರೆ. ಅವು ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳು. ಹನ್ನೊಂದನೆಯದರಿಂದ ಬಂಡಿ ನಮ್ಮ ನೆಲದ ಕಡೆಗೆ ತಿರುಗಿತು. ಪುರಾಣ, ಚರಿತ್ರೆ, ಜಾತಕ, ಜನಪದ ಕಥೆ ಎಂದು ೪೦೦ಕ್ಕೂ ಮಿಕ್ಕಿ ಪುಸ್ತಕಗಳು ಬಂದವು. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು. ೧೯೮೦ರಲ್ಲಿ ‘ಟಿಂಕಲ್’ ಮಾಸಪತ್ರಿಕೆ ಹುಟ್ಟಿತು. ೨೦೧೧ರ ಫೆಬ್ರವರಿಯಲ್ಲಿ ಪೈಯವರು ತೀರಿಕೊಂಡರು. ತನ್ನ ಅಜ್ಜಿಯ ಊರನ್ನು ಬಿಟ್ಟು ಬಂದ ಹುಡುಗನೊಬ್ಬ ಅಜ್ಜಿಯಿಲ್ಲದ ಮನೆಗಳಿಗೆಲ್ಲ ಅಜ್ಜಿಯಾದನೆಂದರೆ ತಪ್ಪೇನು?

ಆದರೂ ಹೊಗಳಿಕೆಯೊಂದಿಗೇ ನಿಂತರೆ ನಾವು ಮಕ್ಕಳಿಗೆ ನ್ಯಾಯ ಮಾಡಿದಂತಾಗುವುದಿಲ್ಲ. ಆ ಚಿತ್ರಗಳಲ್ಲಿ ಅಸುರರಿಗೆ ಕಪ್ಪು ಬಣ್ಣ, ದೇವತೆಗಳಿಗೆ ಬಿಳಿಯ ಬಣ್ಣ ಎಂಬ ವಿಂಗಡಣೆ ಹೇಗೆ ಬಂತು? ಅರಸರ ಕಥೆಗಳು ಅಷ್ಟೊಂದು, ಒಕ್ಕಲಿಗನ, ಕೂಲಿಯವನ, ಹೆಣ್ಣುಮಕ್ಕಳ ಕಥೆಗಳು ಇಷ್ಟೇ ಏಕೆ? ಎರಡು ಪಕ್ಷದ ಕಾಳಗದಲ್ಲಿ ಒಂದು ಪಕ್ಷವೆಲ್ಲ ಒಳ್ಳೆಯವರು, ಇನ್ನೊಂದೆಲ್ಲ ಕೆಟ್ಟವರು ಆದದ್ದು ಹೇಗೆ? ಈ ಆಕ್ಷೇಪಗಳನ್ನು ವಿದ್ವಾಂಸರು ಎತ್ತಿದ್ದಾರೆ, ಅವು ತಳ್ಳಿಹಾಕತಕ್ಕವಲ್ಲ. ಮೂವತ್ತೆರಡು ಪುಟದ ಬಣ್ಣದ ಪುಸ್ತಕದಲ್ಲಿ ಓದಿದ್ದನ್ನೇ ಚರಿತ್ರೆಯೆಂದು ನಂಬಿ ಬೆಳೆದ ಎರಡು ತಲೆಮಾರುಗಳು ನಮ್ಮ ನಡುವೆ ಇವೆ. ಮಗುವಿನ ಮನಸ್ಸು ಹಸಿ ಗೋಡೆಯಿದ್ದ ಹಾಗೆ. ಅಲ್ಲಿ ಮೂಡಿದ್ದು ಒಣಗಿದ ಮೇಲೆ ಅಳಿಸುವುದು ಕಷ್ಟ.

ಈಗ ಮೊಮ್ಮಗಳ ಮೊದಲ ಪ್ರಶ್ನೆಗೆ ಬರೋಣ. “ಇದು ನಿಜವಾ?” ಎಂದು ಮಗು ಕೇಳಿದರೆ ಹೇಳುವುದೇನು? ನನಗೆ ತೋರಿದ ದಾರಿ ಇದು. ಮೂರು ಬುಟ್ಟಿಗಳನ್ನು ಇಟ್ಟುಕೊಳ್ಳೋಣ. ನಡೆದದ್ದು ಒಂದರಲ್ಲಿ, ಜನ ಹೇಳಿಕೊಂಡು ಬಂದದ್ದು ಇನ್ನೊಂದರಲ್ಲಿ, ಹೇಳುವವನು ಸೇರಿಸಿದ್ದು ಮೂರನೆಯದರಲ್ಲಿ. ಚಿತ್ರದುರ್ಗದ ಓಬವ್ವನನ್ನೇ ತೆಗೆದುಕೊಳ್ಳಿ. ಹೈದರಾಲಿ ಆ ಕೋಟೆಗೆ ಮುತ್ತಿಗೆ ಹಾಕಿದ್ದು, ಕೊನೆಗೆ ೧೭೭೯ರಲ್ಲಿ ಮದಕರಿ ನಾಯಕನಿಂದ ಅದನ್ನು ಗೆದ್ದುಕೊಂಡದ್ದು ಚರಿತ್ರೆ. ಇದು ಮೊದಲನೆಯ ಬುಟ್ಟಿ. ಕಾವಲುಗಾರನ ಹೆಂಡತಿ ಒನಕೆ ಹಿಡಿದು ಕಿಂಡಿಯ ಬಳಿ ನಿಂತು ನುಸುಳಿದವರನ್ನು ಒಬ್ಬೊಬ್ಬರಾಗಿ ಬಡಿದದ್ದು ದುರ್ಗದ ಜನ ಹೇಳಿಕೊಂಡು ಬಂದದ್ದು, ಒನಕೆ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ, ಇದು ಎರಡನೆಯದು. ಒನಕೆ ಎತ್ತುವಾಗ ಓಬವ್ವನ ಮನಸ್ಸಿನಲ್ಲಿ ಏನಿತ್ತು, ಉಣ್ಣುತ್ತಿದ್ದ ಗಂಡನನ್ನು ಕೂಗಬೇಕೋ ಬೇಡವೋ ಎಂದು ಹೇಗೆ ತೂಗಿ ನೋಡಿದಳು, ಇದನ್ನು ಬರೆಯುವವನು ಕಥೆಗಾರ, ಇದು ಮೂರನೆಯದು. ಎರಡನೆಯದೂ ಮೂರನೆಯದೂ ಸುಳ್ಳಲ್ಲ. ಆದರೆ ಅವನ್ನು ಮೊದಲನೆಯದೆಂದು ಹೇಳಿ ಮಾರುವುದು ಮೋಸ. ಮಗುವಿಗೆ ಈ ವ್ಯತ್ಯಾಸ ತಿಳಿಯದೆಂದು ಎಣಿಸುವವರು ಮಕ್ಕಳನ್ನು ಬಲ್ಲವರಲ್ಲ.

ಈ ವಿವೇಕವನ್ನು ಇಟ್ಟುಕೊಂಡು ಬರೆದವರು ನಮ್ಮಲ್ಲಿ ಇದ್ದಾರೆ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ ೨೦೧೦ರಲ್ಲಿ, ಆ ಬಹುಮಾನ ಪ್ರಾರಂಭವಾದ ವರ್ಷದಲ್ಲಿಯೇ, ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಮಹಾತ್ಮರೂ ಒಂದು ಕಾಲಕ್ಕೆ ಅಂಜುಬುರುಕ ಹುಡುಗರಾಗಿದ್ದರು, ತಪ್ಪು ಮಾಡಿದರು, ಒಪ್ಪಿಕೊಂಡರು. ಹಡಗು ಹತ್ತಿ ಮೂರು ಖಂಡಗಳನ್ನು ಸುತ್ತಿ ಮನೆಗೆ ಬಂದರು. ಮಕ್ಕಳಿಗೆ ಬೇಕಾದದ್ದು ತಪ್ಪೇ ಮಾಡದ ವಿಗ್ರಹವಲ್ಲ, ತಮ್ಮ ಹಾಗೆಯೇ ಎಡವಿ ಎದ್ದ ಮನುಷ್ಯ.

ಉಳಿದದ್ದು ಎರಡನೆಯ ಪ್ರಶ್ನೆ. ನಾವು ಮುಂಬಯಿಗೆ ಬಂದ ಕಥೆ ಯಾವ ಪುಸ್ತಕದಲ್ಲಿದೆ? ನನ್ನ ಮನೆಯ ಮಟ್ಟಿಗೆ ಯಾವ ಪುಸ್ತಕದಲ್ಲಿಯೂ ಇಲ್ಲ. ನನ್ನ ತಂದೆ ೧೯೩೬ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಮಂಗಳೂರಿನ ಬಂದರಿನಿಂದ ಹಡಗು ಹತ್ತಿ ಬಂದರು. ಕೋಟೆಯ ಬಳಿಯ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆದರು. ರಾತ್ರಿ ಶಾಲೆಯಲ್ಲಿ ಓದಿದರು. ಹಗಲೆಲ್ಲ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಸಾವಿರಾರು ಹುಡುಗರಲ್ಲಿ ಅವರೂ ಒಬ್ಬರು. ಅವರ ಶಾಲೆಯ ಸರ್ಟಿಫಿಕೇಟು ಇಂದಿಗೂ ನಮ್ಮ ಟ್ರಂಕಿನಲ್ಲಿದೆ. ಇದು ಮೊದಲನೆಯ ಬುಟ್ಟಿ. ಅಕ್ಕನ ಬೆಳ್ಳಿಯ ಬಳೆಯನ್ನು ಅಡವಿಟ್ಟು ಹಡಗಿನ ಹಣ ಹೊಂದಿಸಿದರೆಂದು ನನ್ನ ಸೋದರತ್ತೆ ಹೇಳುತ್ತಿದ್ದರು. ಅಲ್ಲ, ಅದು ಕಾಲಿನ ಗೆಜ್ಜೆ ಎಂದು ದೊಡ್ಡಪ್ಪನ ವಾದ. ಇದು ಎರಡನೆಯದು.

ಇಷ್ಟನ್ನು ಮಕ್ಕಳಿಗೆ ಹಿಂದೆಯೂ ಹೇಳಿದ್ದೆ. ಹೇಳದೆ ಬಿಟ್ಟದ್ದು ಒಂದಿದೆ. ತಂದೆ ತಾಯಿಗೆ ಹೇಳದೆ ಓಡಿ ಬಂದಿದ್ದರು. ಮನೆಯಲ್ಲಿ ಆರು ಮಕ್ಕಳು, ಗೇಣಿಗೆ ಹೋಗಿ ಉಳಿದ ಅಕ್ಕಿ ಮೂವರಿಗೂ ಸಾಲದು. ತಾನೊಬ್ಬ ಇಲ್ಲವಾದರೆ ಒಂದು ತಟ್ಟೆ ಕಡಿಮೆಯೆಂದು ಹುಡುಗ ಲೆಕ್ಕ ಹಾಕಿದ್ದ. ಐದು ವರ್ಷದ ಮೇಲೆ ಕೈಯಲ್ಲಿ ನಾಲ್ಕು ಕಾಸು ಹಿಡಿದು ಊರಿಗೆ ಹೋದಾಗ ತಾಯಿ ಇರಲಿಲ್ಲ. ಕೊನೆಯವರೆಗೂ ಬಾಗಿಲಿಗೆ ಅಗುಳಿ ಹಾಕಲು ಬಿಟ್ಟಿರಲಿಲ್ಲವಂತೆ. ತಂದೆ ಇದನ್ನು ನನಗೆ ಹೇಳಿದ್ದು ಜೀವನದಲ್ಲಿ ಒಂದೇ ಸಲ. ಹಸಿವಿನ ಮಾತು ಅವಮಾನವೆಂದು ಎಣಿಸಿ ನಾನು ನನ್ನ ಮಕ್ಕಳಿಂದ ಮುಚ್ಚಿಟ್ಟೆ. ಅರಸರ ಕಥೆಗಳನ್ನು ಹೇಳಿದೆ, ಸ್ವಂತ ಅಜ್ಜಿಯ ಕಥೆಯನ್ನು ನುಂಗಿದೆ. ಅಮರ ಚಿತ್ರಕಥೆಯಲ್ಲಿ ಬಡವರ ಕಥೆ ಇಷ್ಟೇ ಏಕೆ ಎಂದು ಮೇಲೆ ಕೇಳಿದೆನಲ್ಲ, ಆ ಪ್ರಶ್ನೆ ಮೊದಲು ನನಗೇ ಸಲ್ಲತಕ್ಕದ್ದು.

ಈ ದಸರೆಯ ರಜೆಯಲ್ಲಿ ಊರಿಗೆ ಹೋಗುವಾಗ ರೈಲಿನಲ್ಲಿ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ೧೯೯೮ರಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೆ ರ‍ಾತ್ರಿ ಮಲಗಿ ಎದ್ದರೆ ಊರು. ಅವಳ ಮುತ್ತಜ್ಜನಿಗೆ ಅದೇ ದಾರಿ ಐದು ವರ್ಷದ್ದಾಗಿತ್ತು. “ಹಡಗಿನ ಮೇಲೆ ಮುತ್ತಜ್ಜ ಅತ್ತರಾ?” ಎಂದಳು. “ಅದು ಯಾರಿಗೂ ಗೊತ್ತಿಲ್ಲ ಮಗಾ. ಅದು ಮೂರನೆಯ ಬುಟ್ಟಿ. ನೀನೇ ಬರೆಯಬೇಕು” ಎಂದೆ. ಈಗ ಒಂದು ನೋಟು ಪುಸ್ತಕದಲ್ಲಿ ಬರೆಯುತ್ತಿದ್ದಾಳೆ. ಕನ್ನಡ ಅಕ್ಷರ ನೆನಪಾಗದ ಕಡೆ ಶಾಲೆಯಲ್ಲಿ ಕಲಿತ ದೇವನಾಗರಿ ನುಸುಳುತ್ತದೆ. ಒತ್ತಕ್ಷರಗಳಂತೂ ದೇವರಿಗೇ ಪ್ರೀತಿ. ನಾನು ತಿದ್ದುವ ಅವಸರ ಮಾಡುತ್ತಿಲ್ಲ. ಕರಟಕನು ಕಲೀಲನಾದರೂ ಕಥೆ ಬದುಕಿತಲ್ಲವೇ?

ಆದುದರಿಂದ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು; ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂತು. ಆ ನಾಡಿನ ಗಡಿಯ ಹೊರಗಿರುವ ನಾವು ಪ್ರತಿ ವರ್ಷ ಧ್ವಜ ಏರಿಸಿ, ಮಕ್ಕಳಿಂದ ನೃತ್ಯ ಮಾಡಿಸಿ, ಊಟ ಮಾಡಿ ಮನೆಗೆ ಹೋಗುತ್ತೇವೆ. ಎಲ್ಲವೂ ಒಳ್ಳೆಯದೇ. ಅದರೊಂದಿಗೆ ಈ ವರ್ಷ ಇನ್ನೊಂದು ಕೆಲಸವಾಗಲಿ. ಹಡಗಿನಲ್ಲಿ ಬಂದವರು, ಬಸ್ಸಿನಲ್ಲಿ ಬಂದವರು, ನೌಕರಿಯ ಆದೇಶ ಹಿಡಿದು ಬಂದವರು, ಮದುವೆಯಾಗಿ ಭಾಷೆ ಬಾರದ ಊರಿಗೆ ಬಂದಿಳಿದ ಹೆಣ್ಣುಮಕ್ಕಳು, ಎಲ್ಲರ ಮನೆಯಲ್ಲಿಯೂ ಒಂದೊಂದು ಕಥೆ ಇದೆ. ಅದನ್ನು ಬಲ್ಲ ಹಿರಿಯರು ಇನ್ನೆಷ್ಟು ದಿನ ಇರುತ್ತಾರೆ? ಅವರು ಹೇಳಲಿ, ಮಕ್ಕಳು ಬರೆಯಲಿ. ನಡೆದದ್ದನ್ನು ನಡೆದದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು, ಕಟ್ಟಿದ್ದನ್ನು ಕಟ್ಟಿದ್ದೆಂದು ಬರೆಯಲಿ. ಹಸಿವನ್ನೂ ಸೋಲನ್ನೂ ಮುಚ್ಚಿಡುವುದು ಬೇಡ.

ಮುಂದಿನ ವರ್ಷದ ಸಂಚಿಕೆಯಲ್ಲಿ ನನ್ನಂಥ ಮುದುಕರ ಲೇಖನಗಳಿಗೆ ಎರಡು ಪುಟ ಕಡಿಮೆ ಮಾಡಿ ಆ ಜಾಗವನ್ನು ಮಕ್ಕಳಿಗೆ ಕೊಡಬೇಕೆಂದು ಸಂಪಾದಕರಲ್ಲಿ ಪ್ರಾರ್ಥಿಸುತ್ತೇನೆ. ನಮ್ಮ ಮನೆಯ ನೋಟು ಪುಸ್ತಕ ಅಷ್ಟರೊಳಗೆ ತುಂಬೀತೆಂದು ನಂಬಿದ್ದೇನೆ. ಕಥೆ ಈಗ ಬಂದರಿನವರೆಗೆ ಬಂದಿದೆ. ಹಡಗು ಇನ್ನೂ ಹೊರಟಿಲ್ಲ.